ನಾಲ್ಕು ಡಬ್ಬಿ, ನಾಲ್ಕೂ 5ಡಬ್ಲ್ಯು-30: ಯುರೋಪಿನ ಎಂಜಿನ್ ಆಯಿಲ್ ಅನುಮೋದನೆಗಳನ್ನು ನಾನು ಹೋಲಿಸುವ ಬಗೆ

ನಾಲ್ಕು ಡಬ್ಬಿಗಳನ್ನು ಸಾಲಾಗಿ ಇಡಿ. ನಾಲ್ಕರ ಮೇಲೂ ದಪ್ಪಕ್ಷರದಲ್ಲಿ 5ಡಬ್ಲ್ಯು-30 ಎಂದಿದೆ. ಹಿಂಬದಿಯ ಸಣ್ಣಕ್ಷರದಲ್ಲಿ ಕಾರು ತಯಾರಕರ ಅನುಮೋದನೆಯ ಸಂಖ್ಯೆ ಓದಿದರೆ ಒಂದರಲ್ಲಿ ಫೋಕ್ಸ್‌ವ್ಯಾಗನ್‌ನ ವಿಡಬ್ಲ್ಯು 504 00/507 00, ಇನ್ನೊಂದರಲ್ಲಿ ಫೋರ್ಡ್‌ನ ಡಬ್ಲ್ಯುಎಸ್‌ಎಸ್-ಎಂ2ಸಿ913-ಡಿ, ಮೂರನೆಯದರಲ್ಲಿ ರೆನೋದ ಆರ್‌ಎನ್0720, ನಾಲ್ಕನೆಯದರಲ್ಲಿ ಪ್ಯೂಜೋ-ಸಿಟ್ರೊಎನ್‌ನ ಬಿ71 2290. ಗ್ರೇಡ್ ಒಂದೇ ಆದರೂ ಇವು ನಾಲ್ಕು ಬೇರೆ ಬೇರೆ ಆಯಿಲ್‌ಗಳು. ಒಂದರ ಜಾಗಕ್ಕೆ ಇನ್ನೊಂದನ್ನು ಸುರಿಯುವಂತಿಲ್ಲ.

5ಡಬ್ಲ್ಯು-30 ಎಂಬುದು ಹೇಳುವುದು ಎರಡೇ ಸಂಗತಿ. ‘5ಡಬ್ಲ್ಯು’ ಅಂದರೆ ಮೈನಸ್ 30 ಡಿಗ್ರಿಯಲ್ಲೂ ಎಂಜಿನ್ ತಿರುಗುವಷ್ಟು, ಮೈನಸ್ 35ರಲ್ಲೂ ಪಂಪ್ ಎಳೆಯುವಷ್ಟು ತೆಳುವಾಗಿರುತ್ತದೆ ಎಂದು. ‘30’ ಅಂದರೆ 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಸೆಕೆಂಡಿಗೆ 9.3ರಿಂದ 12.5 ಚದರ ಮಿಲಿಮೀಟರ್ ನಡುವೆ ಇರುತ್ತದೆ ಎಂದು. ಬೂದಿ ಎಷ್ಟು, ಆಮ್ಲವನ್ನು ಎಷ್ಟು ದಿನ ತಡೆಯುತ್ತದೆ, ಬೇರಿಂಗ್‌ನಲ್ಲಿ ಒತ್ತಡ ಬಿದ್ದಾಗ ಪದರ ನಿಲ್ಲುತ್ತದೆಯೇ, ಇದ್ಯಾವುದನ್ನೂ ಗ್ರೇಡ್ ಹೇಳುವುದಿಲ್ಲ.

ಹಾಗಾಗಿ ಹೋಲಿಸಲು ಕೂತಾಗ ನಾನು ಗ್ರೇಡನ್ನು ಕೊನೆಗೆ ನೋಡುತ್ತೇನೆ. ಒಂದು ಹಾಳೆಯಲ್ಲಿ ಅಡ್ಡಸಾಲಿಗೆ ಒಂದೊಂದು ಅನುಮೋದನೆ, ಲಂಬಸಾಲಿಗೆ ಐದು ವಿಷಯ: ಎಚ್‌ಟಿಎಚ್‌ಎಸ್, ಸಲ್ಫೇಟೆಡ್ ಬೂದಿ, ಟಿಬಿಎನ್ (ಆಮ್ಲ ತಣಿಸುವ ಶಕ್ತಿ), ನೋಆಕ್ ಆವಿನಷ್ಟ (ಬಿಸಿಗೆ ಆವಿಯಾಗಿ ಹೋಗುವ ಪಾಲು), ಆಯಿಲ್ ಬದಲಿಸುವ ಅವಧಿ. ನಿಜವಾಗಿ ನಿರ್ಧಾರ ಆಗುವುದು ಮೊದಲ ಎರಡರಲ್ಲೇ.

ಎಚ್‌ಟಿಎಚ್‌ಎಸ್ ಅಂದರೆ 150 ಡಿಗ್ರಿ ಶಾಖದಲ್ಲಿ, ಸೆಕೆಂಡಿಗೆ ಹತ್ತು ಲಕ್ಷದ ದರದಲ್ಲಿ ಆಯಿಲನ್ನು ಅರೆದು ಅಳೆದ ಸ್ನಿಗ್ಧತೆ. ಕ್ರ್ಯಾಂಕ್ ಬೇರಿಂಗ್‌ನಲ್ಲಿ, ಕ್ಯಾಮ್‌ನ ಮೂತಿಯಲ್ಲಿ ಆಯಿಲ್ ಪಡುವ ಪಾಡಿಗೆ ಹತ್ತಿರದ ಅಳತೆ ಇದು. ಯುರೋಪಿನ ಲೆಕ್ಕದಲ್ಲಿ 3.5 ಮಿಲಿಪ್ಯಾಸ್ಕಲ್-ಸೆಕೆಂಡ್ ಎಂಬುದು ಗಡಿ ಇದ್ದಹಾಗೆ. 30 ಗ್ರೇಡಿಗೆ ಕನಿಷ್ಠ 2.9 ಇದ್ದರೆ ಸಾಕು, ಆದ್ದರಿಂದ 3.0 ಇರುವುದೂ 5ಡಬ್ಲ್ಯು-30, 3.5 ದಾಟಿದ್ದೂ 5ಡಬ್ಲ್ಯು-30. ಮೇಲಿನ ಫೋರ್ಡ್ ಆಯಿಲ್ 2.9 ಮತ್ತು 3.5ರ ನಡುವಿನದು, ವಿಡಬ್ಲ್ಯುದು 3.5ರ ಮೇಲಿನದು. 3.5 ಕೇಳುವ ಎಂಜಿನ್‌ಗೆ ತೆಳುವಾದದ್ದನ್ನು ಹಾಕಿದರೆ ಮೊದಲ ದಿನವೇ ಏನೂ ಆಗುವುದಿಲ್ಲ. ಏರುಹಾದಿ, ಹೆಚ್ಚು ಭಾರ, ಟರ್ಬೋ ಕಾದು ಕೆಂಪಾದ ಹೊತ್ತು, ಆಗ ಪದರ ಹರಿಯುತ್ತದೆ. ‘ದಪ್ಪ ಹಾಕಿದರೆ ಯಾವಾಗಲೂ ಕ್ಷೇಮ’ ಎಂಬ ಮಾತು ಅರ್ಧ ಮಾತ್ರ ನಿಜ. 0ಡಬ್ಲ್ಯು-20ಗೆಂದೇ ಕಟ್ಟಿದ ಎಂಜಿನ್‌ನಲ್ಲಿ ಪಂಪು, ಬೇರಿಂಗ್ ಸಂದು, ಆಯಿಲ್ ದಾರಿ ಎಲ್ಲವೂ ತೆಳು ಆಯಿಲ್‌ನ ಹರಿವಿಗೆ ಲೆಕ್ಕ ಹಾಕಿದ್ದು.

ಎರಡನೆಯದು ಬೂದಿ. ಸವೆತ ತಡೆಯುವ ಸತು-ರಂಜಕದ ಸಂಯುಕ್ತ, ತೊಳೆಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆಲ್ಲದರಲ್ಲೂ ಲೋಹ ಇದೆ. ಆಯಿಲ್ ಸ್ವಲ್ಪಸ್ವಲ್ಪ ಸುಟ್ಟಾಗ ಇವು ಬೂದಿಯಾಗಿ ಉಳಿಯುತ್ತವೆ. ಡೀಸೆಲ್ ಗಾಡಿಯ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಮಸಿಯನ್ನು ಸುಟ್ಟುಕೊಳ್ಳಬಲ್ಲದು, ಬೂದಿಯನ್ನಲ್ಲ. ಒಳಗೆ ಸೇರಿದ ಬೂದಿ ಅಲ್ಲೇ ಕೂತು ಜಾಗ ತಿನ್ನುತ್ತ ಹೋಗುತ್ತದೆ. ರಂಜಕವು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಮೈಗೆ ಅಂಟಿ ಅದನ್ನು ಮಂಕಾಗಿಸುತ್ತದೆ. ಹಾಗೆಂದು ಬೂದಿ ಕಡಿಮೆಯಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಬೂದಿ ಕೊಡುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ಆಮ್ಲವನ್ನು ತಣಿಸುವುದೂ. ಅದರ ಅಳತೆ ಟಿಬಿಎನ್. ಯುರೋಪಿನ ಒಕ್ಕೂಟದಲ್ಲಿ 2009ರಿಂದ ಪೆಟ್ರೋಲು, ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ದಾಟುವಂತಿಲ್ಲ. ಕಡಿಮೆ ಬೂದಿಯ ಆಯಿಲ್‌ಗಳಿಗೆ ಅಷ್ಟು ಉದ್ದದ ಅವಧಿ ಸಿಕ್ಕಿರುವುದು ಈ ಶುದ್ಧ ಇಂಧನದ ಬಲದಿಂದ. ಇಂಧನದಲ್ಲಿ ಗಂಧಕ ಹೆಚ್ಚಿದ್ದರೆ ಅದೇ ಆಯಿಲ್‌ನ ಟಿಬಿಎನ್ ಬೇಗ ತೀರುತ್ತದೆ. ಅವಧಿಯನ್ನು ಮೊಟಕು ಮಾಡಲೇಬೇಕು.

ಹಾಳೆಯ ತಳಪಾಯಕ್ಕೆ ಎಸಿಇಎ ವರ್ಗಗಳನ್ನು ಬರೆದುಕೊಳ್ಳುತ್ತೇನೆ. ಯುರೋಪಿನ ವಾಹನ ತಯಾರಕರ ಒಕ್ಕೂಟ (ಎಸಿಇಎ) 1996ರಲ್ಲಿ ಮೊದಲು ತಂದ ಈ ಪಟ್ಟಿಗೆ 2004ರಲ್ಲಿ ‘ಸಿ’ ವರ್ಗ ಸೇರಿತು. 2021ರ ಆವೃತ್ತಿಯಲ್ಲಿ ಎ3/ಬಿ3 ಮತ್ತು ಸಿ1 ಹೊರಗೆ ಹೋಗಿ ಎ7/ಬಿ7 ಮತ್ತು ಸಿ6 ಒಳಗೆ ಬಂದವು. ಎ3/ಬಿ4 ಎಂದರೆ ಎಚ್‌ಟಿಎಚ್‌ಎಸ್ 3.5ರ ಮೇಲೆ, ಬೂದಿ ಶೇ. 1.6ರವರೆಗೆ, ಟಿಬಿಎನ್ ಕನಿಷ್ಠ 10. ಸಿ3 ಎಂದರೆ ಎಚ್‌ಟಿಎಚ್‌ಎಸ್ ಅಷ್ಟೇ, ಆದರೆ ಬೂದಿ ಹೆಚ್ಚೆಂದರೆ ಶೇ. 0.8. ಸಿ2ರಲ್ಲಿ ಬೂದಿಯ ಮಿತಿ ಸಿ3ರದ್ದೇ, ಎಚ್‌ಟಿಎಚ್‌ಎಸ್ 2.9ರಿಂದ ಶುರು. ಸಿ4ರಲ್ಲಿ ಎಚ್‌ಟಿಎಚ್‌ಎಸ್ ಮತ್ತೆ 3.5, ಬೂದಿ ಮಾತ್ರ ಶೇ. 0.5ಕ್ಕೆ ನಿಲ್ಲಬೇಕು. ಸಿ5, ಸಿ6 ಎರಡೂ 2.6ರಿಂದ 2.9ರ ತೆಳು ಆಯಿಲ್‌ಗಳು. ಅಂಕಿ ಏರಿದಂತೆ ಗುಣ ಏರುವ ಮೆಟ್ಟಿಲಲ್ಲ ಇದು. ಸಿ5 ಅನ್ನು ಸಿ3ರ ‘ಹೊಸ, ಒಳ್ಳೆಯ’ ರೂಪ ಎಂದುಕೊಂಡು ಹಾಕುವುದು ನಾನು ಕಾಣುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು.

ಡಬ್ಬಿಯ ಮೇಲಿನ ಎಸಿಇಎ ವರ್ಗ ಆಯಿಲ್ ಕಂಪನಿಯೇ ಪರೀಕ್ಷೆ ಮಾಡಿಸಿ ತಾನೇ ಘೋಷಿಸಿಕೊಂಡದ್ದು. ಕಾರು ತಯಾರಕರ ಅನುಮೋದನೆಯಲ್ಲಿ ಹಾಗಲ್ಲ: ಅವರ ಸ್ವಂತ ಎಂಜಿನ್ ಪರೀಕ್ಷೆ, ಸೀಲ್ ರಬ್ಬರಿನ ಪರೀಕ್ಷೆ ಎಲ್ಲ ಮುಗಿದ ಮೇಲೆ ಪತ್ರ ಸಿಗುತ್ತದೆ. ಸಿ3 ಇದ್ದ ಮಾತ್ರಕ್ಕೆ 504 00 ಆಗುವುದಿಲ್ಲ. ಸಿ3 ನೆಲಗಟ್ಟು, ಅದರ ಮೇಲೆ ತಯಾರಕರು ತಮ್ಮ ಗೋಡೆ ಕಟ್ಟಿರುತ್ತಾರೆ.

ಫೋಕ್ಸ್‌ವ್ಯಾಗನ್‌ನ ಸಂಖ್ಯೆಗಳನ್ನು ಇಂಧನ ಮತ್ತು ಅವಧಿ ಎಂಬ ಎರಡು ಕವಲಿನಲ್ಲಿ ಓದಿದರೆ ಸುಲಭ. 502 00 ನಿಗದಿತ ಅವಧಿಯ ಪೆಟ್ರೋಲ್, 505 00 ಹಳೆಯ ಡೀಸೆಲ್. 505 01 ಬಂದದ್ದು ಪಂಪ್-ಡ್ಯೂಸ್ ಡೀಸೆಲ್‌ಗಳಿಗಾಗಿ. ಅವುಗಳಲ್ಲಿ ಇಂಜೆಕ್ಟರನ್ನು ಒತ್ತುವುದೂ ಕ್ಯಾಮ್‌ಶಾಫ್ಟೇ. ಇಂಜೆಕ್ಟರ್ ಒತ್ತುವ ಕ್ಯಾಮ್ ಮೂತಿಗೆ ಜಾಗ ಬಿಟ್ಟುಕೊಟ್ಟು ವಾಲ್ವ್ ಒತ್ತುವ ಮೂತಿ ಕಿರಿದಾಗಿದೆ, ಅದರ ಮೇಲೆ ಬೀಳುವ ಒತ್ತಡ ಏರಿದೆ. 505 00 ಮಾತ್ರ ಇರುವ ಆಯಿಲ್ ಹಾಕಿದರೆ ಮೂತಿಯೂ ಟ್ಯಾಪೆಟ್ಟೂ ಸವೆದು ಗುಂಡಿ ಬೀಳುತ್ತವೆ. 504 00/507 00 ಜೋಡಿ ಈ ಹಳೆಯವುಗಳಲ್ಲಿ ಬಹುಪಾಲನ್ನು ತುಂಬಿಕೊಡುತ್ತದೆ. ಒಂದು ಹೊರತು ನೆನಪಿರಲಿ: 2006ರ ನಡುಭಾಗಕ್ಕೆ ಮುಂಚಿನ ಐದು ಸಿಲಿಂಡರ್ (ಆರ್5) ಮತ್ತು ವಿ10 ಟಿಡಿಐ ಟರ್ಬೋ ಡೀಸೆಲ್‌ಗಳಿಗೆ 507 00 ಸಲ್ಲದು, ಅವಕ್ಕೆ 506 01 ಬೇಕು. 508 00/509 00 ಪೂರ್ತಿ ಬೇರೆ ದಾರಿ. ಅದು 0ಡಬ್ಲ್ಯು-20, ಎಚ್‌ಟಿಎಚ್‌ಎಸ್ 2.6ರ ಮೇಲೆ, ಗುರುತಿಗೆಂದೇ ಹಸಿರು ಬಣ್ಣ ಬೆರೆಸಿದ್ದು. ಹಿಂದಿನ ಯಾವ ಸಂಖ್ಯೆಗೂ ಅದು ಬದಲಿ ಅಲ್ಲ. ಸಂಖ್ಯೆ ದೊಡ್ಡದು ಎಂದು ಹಳೆಯ ಟಿಡಿಐಗೆ ಸುರಿದರೆ ಎಂಜಿನ್ ಸಿಟ್ಟಾಗುವುದು ಖಂಡಿತ.

ಅವಧಿಯನ್ನು ವಿಡಬ್ಲ್ಯು ಗಾಡಿಯ ಡೇಟಾ ಸ್ಟಿಕ್ಕರ್‌ನಲ್ಲಿ ನೋಡುತ್ತೇನೆ. ಅದು ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯಲ್ಲೋ ಸರ್ವಿಸ್ ಪುಸ್ತಕದಲ್ಲೋ ಇರುತ್ತದೆ. ಕ್ಯುಐ6 ಇದ್ದರೆ ಲಾಂಗ್‌ಲೈಫ್. ಸೆನ್ಸರ್ ಲೆಕ್ಕ ಹಾಕಿ ಎರಡು ವರ್ಷ ಅಥವಾ 30,000 ಕಿಲೋಮೀಟರ್‌ವರೆಗೆ ಎಳೆಯುತ್ತದೆ. ಕ್ಯುಐ4 ಇದ್ದರೆ ವರ್ಷ ಅಥವಾ 15,000. ಲಾಂಗ್‌ಲೈಫ್ ಗಾಡಿಗೆ 502 00 ಹಾಕಲು ಕೈಪಿಡಿ ಬಿಟ್ಟಿದ್ದರೂ, ಮೀಟರಿನಲ್ಲಿ ಅವಧಿಯನ್ನು ನಿಗದಿತಕ್ಕೆ ಬದಲಿಸದೆ ಬಿಟ್ಟರೆ ಆಯಿಲ್ ತನ್ನ ಆಯುಸ್ಸಿನ ಎರಡರಷ್ಟು ದುಡಿಯುತ್ತದೆ. ಪಿಸ್ಟನ್ ರಿಂಗ್‌ಗಳು ಅಂಟಿಕೊಂಡು ಆಯಿಲ್ ಕುಡಿಯುವ ಗಾಡಿಗಳ ಇತಿಹಾಸ ಕೆದಕಿದರೆ ಇಂಥ ಎಡವಟ್ಟು ಎಷ್ಟೋ ಸಲ ಸಿಗುತ್ತದೆ.

ಮರ್ಸಿಡಿಸ್‌ನ ಸಂಖ್ಯೆಗಳಲ್ಲಿ ಚುಕ್ಕೆಯ ನಂತರದ ಭಾಗವೇ ಎಲ್ಲ. 229.1, 229.3, 229.5 ಬೂದಿ ಹೆಚ್ಚಿರುವ ಸಾಲು. 229.31, 229.51, 229.52 ಬೂದಿ ಕಡಿಮೆಯ ಸಾಲು. 229.51 ಎಂಬುದು 229.5ರ ತಿದ್ದುಪಡಿಯಲ್ಲ, ಅಣ್ಣತಮ್ಮಂದಿರ ಹೆಸರಿಟ್ಟುಕೊಂಡ ಎರಡು ಬೇರೆ ಮನೆ. 229.52 ಇದ್ದರೆ 229.51ಕ್ಕೂ 229.31ಕ್ಕೂ ನಡೆಯುತ್ತದೆ. 229.71 ಮತ್ತೆ 0ಡಬ್ಲ್ಯು-20, ಅದನ್ನು ಹೆಸರಿಸಿದ ಎಂಜಿನ್‌ಗೆ ಮಾತ್ರ. ಮರ್ಸಿಡಿಸ್‌ನ ಒಂದು ಉಪಕಾರವೆಂದರೆ ಅನುಮೋದನೆ ಪಡೆದ ಆಯಿಲ್‌ಗಳ ಪಟ್ಟಿಯನ್ನು ಅದು ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿ ಹುಡುಕುವಾಗ ಬ್ರ್ಯಾಂಡ್ ಹೆಸರಷ್ಟೇ ಸಾಲದು, ಡಬ್ಬಿಯ ಪೂರ್ಣ ಹೆಸರು ಮತ್ತು ಗ್ರೇಡ್ ಅಕ್ಷರಕ್ಕಕ್ಷರ ಹೊಂದಬೇಕು. ಒಂದೇ ಹೆಸರಿನ 5ಡಬ್ಲ್ಯು-30ಗೆ ಇರುವ ಅನುಮೋದನೆ ಅದರ 5ಡಬ್ಲ್ಯು-40ಗೆ ಇರಲೇಬೇಕೆಂದಿಲ್ಲ.

ಬಿಎಂಡಬ್ಲ್ಯುವಿನ ಲಾಂಗ್‌ಲೈಫ್-01 ಬೂದಿ ಹೆಚ್ಚಿನದು, ಲಾಂಗ್‌ಲೈಫ್-04 ಕಡಿಮೆಯದು, ಎರಡಕ್ಕೂ ಎಚ್‌ಟಿಎಚ್‌ಎಸ್ 3.5. ಡಿಪಿಎಫ್ ಇರುವ ಡೀಸೆಲ್‌ಗೆ 04. ಪೆಟ್ರೋಲ್ ಎಂಜಿನ್‌ನಲ್ಲಿ 04 ಬಳಸಲು ಕಂಪನಿ ಬಿಟ್ಟಿದ್ದು ಯುರೋಪಿನ ಒಕ್ಕೂಟ, ಸ್ವಿಟ್ಜರ್ಲೆಂಡ್, ನಾರ್ವೆ, ಲಿಕ್ಟನ್‌ಸ್ಟೈನ್‌ಗಳಲ್ಲಿ ಮಾತ್ರ. ಕಾರಣ ಮತ್ತೆ ಇಂಧನವೇ. ಲಾಂಗ್‌ಲೈಫ್-17 ಎಫ್‌ಇ+ 0ಡಬ್ಲ್ಯು-20ರ ಪೈಕಿ. ಪೋರ್ಷೆ ಈ ವಿಷಯದಲ್ಲಿ ನಿರಾಳ: ಎ40 ಎಂದರೆ 40 ಗ್ರೇಡ್, ಸಿ30 ವಿಡಬ್ಲ್ಯು 504/507ರ ಜೊತೆಗಾರ, ಸಿ20 508/509ರದ್ದು. ವೋಲ್ವೊಗೆ 0ಡಬ್ಲ್ಯು-20ರ ವಿಸಿಸಿ ಆರ್‌ಬಿಎಸ್0-2ಎಇ ಇದೆ, ಅದಕ್ಕೆ ಮುಂಚಿನದು 0ಡಬ್ಲ್ಯು-30ರ 95200377.

ರೆನೋದ ಆರ್‌ಎನ್0720 ಸಿ4 ಆಧಾರದ್ದು, ಡಿಪಿಎಫ್ ಇರುವ ಡೀಸೆಲ್‌ಗಳಿಗೆ. ಆರ್‌ಎನ್0700, ಆರ್‌ಎನ್0710 ಹಳೆಯವು, ಆರ್‌ಎನ್17 ನಂತರದ್ದು ಮತ್ತು ಸಿ3 ಆಧಾರದ್ದು. ಶೇ. 0.5 ಮತ್ತು 0.8ರ ನಡುವಿನ ಅಂತರವೇ ಇಲ್ಲಿ ಜಗಳದ ಮೂಲ. ‘ಸಿ3 ಕೂಡ ಡಿಪಿಎಫ್‌ಗೇ ತಾನೆ’ ಎಂದು ಆರ್‌ಎನ್0720 ಕೇಳುವ ಗಾಡಿಗೆ ಅದನ್ನು ಹಾಕುವವರಿದ್ದಾರೆ. ಫಿಲ್ಟರ್ ತುಂಬುವ ಲೆಕ್ಕವನ್ನು ತಯಾರಕರು 0.5ಕ್ಕೆ ಕಟ್ಟಿರುತ್ತಾರೆ, 0.8 ಹಾಕಿದರೆ ಬೂದಿ ಅಷ್ಟು ಬೇಗ ಸೇರುತ್ತದೆ. ಪ್ಯೂಜೋ-ಸಿಟ್ರೊಎನ್‌ನ ಬಿ71 2290 ಸಿ2 ಆಧಾರದ 5ಡಬ್ಲ್ಯು-30, ಬಿ71 2312 ಸಿ2 ಆಧಾರದ 0ಡಬ್ಲ್ಯು-30.

ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ಓಡುವ ಎಂಜಿನ್‌ಗಳಲ್ಲಿ ಅನುಮೋದನೆ ಇನ್ನೂ ಬಿಗಿ. ಫೋರ್ಡ್ ತನ್ನ ಒಂದು ಲೀಟರಿನ ಮೂರು ಸಿಲಿಂಡರ್ ಇಕೋಬೂಸ್ಟ್‌ಗೆ 5ಡಬ್ಲ್ಯು-20ರ ಡಬ್ಲ್ಯುಎಸ್‌ಎಸ್-ಎಂ2ಸಿ948-ಬಿ ಕೇಳುತ್ತದೆ. ಇಂಥ ಎಂಜಿನ್‌ನಲ್ಲಿ ಆಯಿಲ್‌ನ ರಸಾಯನ ರಬ್ಬರಿಗೆ ಒಗ್ಗದಿದ್ದರೆ, ಅಥವಾ ಸಣ್ಣ ಓಡಾಟದಲ್ಲಿ ಪೆಟ್ರೋಲ್ ಆಯಿಲ್‌ಗೆ ಬೆರೆತು ಹಾಗೇ ಉಳಿದರೆ, ಬೆಲ್ಟ್ ಊದಿ ಚೂರು ಬಿಡುತ್ತದೆ. ಆ ಚೂರು ಎಂಜಿನ್ ತಳದ ಆಯಿಲ್ ಸಂಪಿನ ಜಾಲರಿಗೆ ಅಡರಿ ಆಯಿಲ್ ಒತ್ತಡ ಬೀಳುತ್ತದೆ. ಇಂಥ ಗಾಡಿಗೆ ‘ಹೆಚ್ಚುಕಮ್ಮಿ ಅದೇ’ ಎನ್ನುವ ಆಯಿಲ್ ಬೇಡವೇ ಬೇಡ.

ಒಂದೇ ಕಡೆ ಹಲವು ಗಾಡಿ ಇದ್ದಾಗ ಸರಾಸರಿ ನೋಡುವುದಲ್ಲ, ಎಲ್ಲ ಸಾಲುಗಳಿಗೂ ಹೊಂದುವ ಡಬ್ಬಿ ಇದೆಯೇ ಎಂದು ನೋಡುವುದು. 507 00 ಕೇಳುವ ಟಿಡಿಐ, 229.51ರ ಮರ್ಸಿಡಿಸ್ ಡೀಸೆಲ್, ಲಾಂಗ್‌ಲೈಫ್-04ರ ಬಿಎಂಡಬ್ಲ್ಯು ಡೀಸೆಲ್ ಮೂರಕ್ಕೂ ಒಂದೇ 5ಡಬ್ಲ್ಯು-30 ಸಿಗುತ್ತದೆ, ಏಕೆಂದರೆ ಮೂರೂ ಸಿ3ರ ನೆಲದ ಮೇಲೆ ನಿಂತಿವೆ. ಆರ್‌ಎನ್0720 ಗಾಡಿ ಸೇರಿದ ಕೂಡಲೇ ಎರಡನೇ ಡಬ್ಬಿ, 508 00 ಸೇರಿದರೆ ಮೂರನೆಯದು. ಎರಡರ ನಡುವಿನದನ್ನು ಹುಡುಕಿ ಉಳಿತಾಯ ಮಾಡಲು ಹೋದರೆ ಯಾವುದಕ್ಕೂ ಸರಿಹೊಂದದ ಆಯಿಲ್ ಕೈಗೆ ಬರುತ್ತದೆ.

ಡಬ್ಬಿಯ ಮಾತುಗಳ ಬಗ್ಗೆ ಸ್ವಲ್ಪ ಜಗಳಗಂಟನಾಗಿರಬೇಕು. ‘ಎಂಬಿ-ಫ್ರೈಗಾಬೆ 229.51’ ಅಥವಾ ‘ಎಂಬಿ-ಅಪ್ರೂವಲ್ 229.51’ ಎಂದರೆ ಪತ್ರ ಇದೆ. ‘229.51ರ ಅಗತ್ಯ ಪೂರೈಸುತ್ತದೆ’, ‘ಇಂಥ ಗಾಡಿಗೆ ಸೂಕ್ತ’, ‘ಶಿಫಾರಸು’ ಎಂದರೆ ಅದು ಮಾರುವವರ ಅಭಿಪ್ರಾಯ. ಹಲವು ಡಬ್ಬಿಗಳಲ್ಲಿ ಎರಡೂ ಬಗೆ ಒಂದರ ಕೆಳಗೊಂದು ಇರುತ್ತವೆ. ಕಣ್ಣು ಮೇಲಿನ ಸಾಲಿನಲ್ಲೇ ನಿಂತುಬಿಡುತ್ತದೆ. ಕಂಪನಿಯ ಡೇಟಾ ಶೀಟ್ ಇಳಿಸಿಕೊಂಡು ಹಾಳೆಯ ಅಂಕಿಗಳಿಗೆ ತಾಳೆ ನೋಡುತ್ತೇನೆ. ಸಿ3 ಮತ್ತು ಎ3/ಬಿ4 ಎರಡನ್ನೂ ಒಟ್ಟಿಗೆ ಬರೆದ ಹೊಸ ಡಬ್ಬಿ ಕಂಡರೆ ನಿಲ್ಲುತ್ತೇನೆ: ಬೂದಿಯನ್ನು 0.8ರೊಳಗೆ ಹಿಡಿದು ಟಿಬಿಎನ್ 10 ಕೊಡುವುದು ಹೊಂದುವ ಲೆಕ್ಕವಲ್ಲ. ಹಳೆಯ ಆವೃತ್ತಿಯ ಬರಹ ಹಾಗೇ ಉಳಿದಿರಬಹುದು, ಮಾರಾಟದ ಉತ್ಸಾಹವೂ ಇರಬಹುದು. ಡೇಟಾ ಶೀಟಿನ ಅಂಕಿಗಳು ‘ಸಾಮಾನ್ಯ ಮೌಲ್ಯ’ಗಳಷ್ಟೇ, ಪ್ರತಿ ಬ್ಯಾಚಿನ ಖಾತರಿಯಲ್ಲ ಎಂಬುದೂ ಗೊತ್ತಿರಲಿ.

ಆಯಿಲ್ ಜೊತೆಗೆ ‘ಬೂಸ್ಟರ್’ ಬಾಟಲಿ ಸುರಿದರೆ ಈ ಹೋಲಿಕೆಯೆಲ್ಲ ನೀರಲ್ಲಿ ಹೋಮ. ಸತು ಸೇರಿಸಿದ ಬಾಟಲಿ ಸಿ4 ಆಯಿಲ್‌ನ ಬೂದಿಯನ್ನು ಅದರ ಮಿತಿಯ ಆಚೆಗೆ ತಳ್ಳುತ್ತದೆ. ಅನುಮೋದನೆ ಸಿಕ್ಕಿದ್ದು ಡಬ್ಬಿಯೊಳಗೆ ಇದ್ದದ್ದಕ್ಕೆ, ನೀವು ಬೆರೆಸಿದ್ದಕ್ಕಲ್ಲ.

ಟಾಪ್-ಅಪ್‌ಗೆ ಮಾತ್ರ ಸ್ವಲ್ಪ ಸಡಿಲ. ದಾರಿಯಲ್ಲಿ ದೀಪ ಹೊತ್ತಿಕೊಂಡು ಸರಿಯಾದ ಆಯಿಲ್ ಸಿಗದಿದ್ದರೆ ಬೇರೆಯದನ್ನು ಒಮ್ಮೆ ಅರ್ಧ ಲೀಟರ್‌ವರೆಗೆ ಹಾಕಲು ವಿಡಬ್ಲ್ಯುವಿನ ಕೈಪಿಡಿಗಳು ಬಿಡುತ್ತವೆ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ತಪ್ಪು ಆಯಿಲ್ ಅರ್ಧ ಲೀಟರ್ ಎಷ್ಟೋ ವಾಸಿ. ಡಿಪ್‌ಸ್ಟಿಕ್‌ನ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಹೆಚ್ಚಿನ ಗಾಡಿಗಳಲ್ಲಿ ಸುಮಾರು ಒಂದು ಲೀಟರ್. ಅರ್ಧ ಹಾಕಿ, ಕೆಲವು ನಿಮಿಷ ಬಿಟ್ಟು, ಮತ್ತೆ ನೋಡಿ. ಡಿಪಿಎಫ್ ಡೀಸೆಲ್‌ನಲ್ಲಿ ಏನೂ ಹಾಕದೆಯೇ ಮಟ್ಟ ಮೇಲಿನ ಗೆರೆ ದಾಟಿದ್ದರೆ ಅದು ಡಿಪಿಎಫ್‌ನ ಮಸಿ ಸುಡುವಾಗ ಸಿಲಿಂಡರ್ ಗೋಡೆ ಹಿಡಿದು ಇಳಿದ ಡೀಸೆಲ್. ಆಗ ಡಬ್ಬಿಯ ಮೇಲೆ ಯಾವ ಸಂಖ್ಯೆ ಇದ್ದರೂ ಒಂದೇ, ಅವಧಿಗೆ ಕಾಯದೆ ಆಯಿಲ್ಲನ್ನೂ ಆಯಿಲ್ ಫಿಲ್ಟರನ್ನೂ ಬದಲಿಸುತ್ತೇನೆ.