ಅಪ್ಪನ ಅಂಬಾಸಿಡರಿಗೆ ಯಾವ ಎಂಜಿನ್?

ನಮ್ಮ ಮನೆಯ ಅಂಬಾಸಿಡರ್ 1971ರ ಮಾರ್ಕ್ 2. ಚಿಕ್ಕಮಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಒಬ್ಬರಿಂದ ಅಪ್ಪ ಅದನ್ನು ಕೊಂಡಿದ್ದರು. ವರ್ಷಕ್ಕೊಮ್ಮೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರುವುದು ಆ ಕಾರಿನ ದೊಡ್ಡ ಕೆಲಸ. ಅಪ್ಪ ತೀರಿಹೋದ ಮೇಲೆ ಅದು ಆರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಮತ್ತೆ ರಸ್ತೆಗೆ ಇಳಿಸಬೇಕೆಂದು ಹೊರಟಾಗ ತಮ್ಮ, "ಅಕ್ಕಾ, ಜಪಾನಿನ ಇಸುಜು ಎಂಜಿನ್ ಕೂರಿಸಿಬಿಡೋಣ, ಘಾಟಿ ಹತ್ತುವಾಗ ಸುಖವಾಗಿರುತ್ತದೆ" ಎಂದ. ಹಳೆಯ ಅಂಬಾಸಿಡರ್ ಇಟ್ಟುಕೊಂಡ ಎಷ್ಟೋ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಎಂಟು ತಿಂಗಳು ಓಡಾಡಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂಲ ಎಂಜಿನ್ ಎಂದರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿಎಂಸಿಯ, 1489 ಸಿಸಿ ಪೆಟ್ರೋಲ್ ಎಂಜಿನ್. ಸಿಲಿಂಡರುಗಳಿರುವ ಬ್ಲಾಕ್, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಎರಡೂ ಬೀಡುಕಬ್ಬಿಣದವು. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 73 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 88.9. ಹೀಗೆ ಸ್ಟ್ರೋಕ್ ಉದ್ದವಾಗಿರುವುದರಿಂದ ವೇಗ ಕಡಿಮೆಯಿದ್ದಾಗಲೂ ಎಳೆಯುತ್ತದೆ, ಆದರೆ ಶಕ್ತಿ ಸುಮಾರು 50 ಅಶ್ವಶಕ್ತಿ ಮಾತ್ರ. ತೊಂಬತ್ತರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದೇ ಕಾರಿಗೆ ಇಸುಜುವಿನ 1817 ಸಿಸಿ ಎಂಜಿನ್ ಕೂರಿಸಿ 1800 ಐಎಸ್‌ಝಡ್ ಎಂದು ಮಾರಿತು. ಅದರದು ಸುಮಾರು 75 ಅಶ್ವಶಕ್ತಿ, ಜೊತೆಗೆ ಐದು ಗೇರು. ಓಡಿಸಿ ನೋಡಿದವರಿಗೆ ವ್ಯತ್ಯಾಸ ಹೇಳಬೇಕಾಗಿಲ್ಲ.

ಗ್ಯಾರೇಜಿಗೆ ಹೋಗುವ ಮುಂಚೆ ಆರ್‌ಸಿ ತೆಗೆದು ನೋಡಿ. ಅದರಲ್ಲಿರುವ ಎಂಜಿನ್ ಸಂಖ್ಯೆ ಬ್ಲಾಕಿನ ಮೇಲಿನ ಸಂಖ್ಯೆಗೆ ಹೊಂದುತ್ತದೆಯೇ? ಹೊಂದಿದರೆ ನಿಮ್ಮ ಕೈಯಲ್ಲಿರುವುದು ಮತ್ತೆ ದೊರೆಯದ ವಸ್ತು. 2021ರ ಕೇಂದ್ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಮಾಡಿದ್ದರೆ ಆ ಬಾಗಿಲು ಮುಚ್ಚುತ್ತದೆ. ಆದರೆ ವಿಂಟೇಜ್ ನೋಂದಣಿಯಾದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ವಾರಕ್ಕೆ ಎರಡು ಸಲ ಪೇಟೆಗೆ ಒಯ್ಯುವವರಿಗೆ ಅದು ಸರಿಹೊಂದದು. ಇನ್ನು ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಮೊದಲು, ಕೆಲಸ ಆಮೇಲೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದೇ ಇದಕ್ಕೆ. ಕೊಳ್ಳುವ ಎಂಜಿನ್ ಎಲ್ಲಿಂದ ಬಂತೆಂಬ ಬಿಲ್ಲು ಇಲ್ಲದಿದ್ದರೆ ಅದು ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಈಗ ಮುಖ್ಯವಾದ ಕೆಲಸ: ಹಳೆಯ ಎಂಜಿನ್ ನಿಜವಾಗಿ ಸತ್ತಿದೆಯೇ ಎಂದು ತಿಳಿಯುವುದು. ನಾವು ಮೊದಲು ತೋರಿಸಿದ ಗ್ಯಾರೇಜಿನಲ್ಲಿ ನೀಲಿ ಹೊಗೆ ಕಂಡ ಕೂಡಲೇ "ಬ್ಲಾಕ್ ಮುಗಿದಿದೆ, ಬೇರೆ ಎಂಜಿನ್ ನೋಡಿ" ಎಂದರು. ಅಳತೆ ತೆಗೆಯದೆ ಹೇಳುವ ಈ ಮಾತನ್ನು ದಯವಿಟ್ಟು ನಂಬಬೇಡಿ. ನಾಲ್ಕೂ ಪ್ಲಗ್ ಬಿಚ್ಚಿಸಿ ಒಂದೊಂದು ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಸಿ, ಬರೆದಿಡಿ. ಯಾವುದರಲ್ಲಿ ಕಡಿಮೆಯಿದೆಯೋ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಆಗ ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗ್ ಅಥವಾ ಬೋರಿನದು. ಏರದಿದ್ದರೆ ವಾಲ್ವ್ ನೋಡಬೇಕು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಕಡಿಮೆಯಿದ್ದರೆ ಬ್ಲಾಕ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ನಮ್ಮ ಕಾರಿನಲ್ಲಿ ಎರಡನೆಯ ಸಿಲಿಂಡರ್ ಸೋತಿತ್ತು, ಆಯಿಲ್ ಬಿಟ್ಟಾಗ ಚೇತರಿಸಿಕೊಂಡಿತು. ಲೇತಿನಲ್ಲಿ ಬೋರ್ ಅಳೆಸಿದಾಗ ತಿಳಿದದ್ದು, ಅದು ಒಮ್ಮೆಯೂ ಬೋರಿಂಗ್ ಆಗದ ಬ್ಲಾಕ್! 20 ಥೌ, ಅಂದರೆ ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ, ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಸಾಕಾಯಿತು. 40 ಥೌ ದಾಟಿದ ಬ್ಲಾಕಿಗೂ ಸ್ಲೀವ್, ಅಂದರೆ ಸಿಲಿಂಡರಿನೊಳಗೆ ಹೊಸ ಕೊಳವೆ, ಹಾಕಿಸುವ ದಾರಿ ಇದೆ. ಬ್ಲಾಕ್ ಬಿರುಕು ಬಿಟ್ಟಿದ್ದರೆ ಮಾತ್ರ ನಾನು ಬೇರೆ ಎಂಜಿನ್ನಿನ ಯೋಚನೆ ಮಾಡುತ್ತೇನೆ.

ಹೆಡ್ ಬಿಚ್ಚಿದಾಗಲೇ ಗಟ್ಟಿ ಉಕ್ಕಿನ ವಾಲ್ವ್ ಸೀಟುಗಳನ್ನು ಕೂರಿಸಿಬಿಡಿ. ಈ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. 2000ದಲ್ಲಿ ಸೀಸ ನಿಂತ ಮೇಲೆ ಹಳೆಯ ಸೀಟುಗಳು ನಿಧಾನವಾಗಿ ಸವೆಯುತ್ತವೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ತಾಳುವುದಿಲ್ಲ. ಈ ಖರ್ಚು ಇಸುಜುವಿಗೂ ತಪ್ಪಿದ್ದಲ್ಲ, ಅದೂ ಕಾರ್ಬುರೇಟರ್ ಎಂಜಿನ್ನೇ. ಇನ್ನೊಂದು ಮಾತು: ಬಿಎಂಸಿ ಎಂಜಿನ್ನಿನ ಹಿಂಬದಿಯಲ್ಲಿ ಆಯಿಲ್ ತಡೆಯುವುದು ರಬ್ಬರ್ ಸೀಲ್ ಅಲ್ಲ, ಶಾಫ್ಟಿನ ಮೇಲೆ ಕೊರೆದ ಸುರುಳಿ. ನಿಂತಲ್ಲಿ ನಾಲ್ಕು ಹನಿ ಬಿದ್ದರೆ ಗಾಬರಿಯಾಗಬೇಕಾಗಿಲ್ಲ.

ಇಸುಜು ಕೂರಿಸುವುದೆಂದರೆ ಎಂಜಿನ್ ಒಂದನ್ನೇ ಬದಲಿಸುವುದಲ್ಲ. ಗೇರ್‌ಬಾಕ್ಸ್, ಕ್ಲಚ್, ಮೌಂಟಿಂಗ್, ರೇಡಿಯೇಟರ್, ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಸುಮಾರು ಅರ್ಧದಷ್ಟು ಶಕ್ತಿ ಏರಿದ ಕಾರನ್ನು ಹಳೆಯ ಡ್ರಮ್ ಬ್ರೇಕಿನಲ್ಲಿ ಚಾರ್ಮಾಡಿ ಇಳಿಸಲು ನನಗಂತೂ ಧೈರ್ಯವಿಲ್ಲ, ಆದ್ದರಿಂದ ಬ್ರೇಕಿನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ಹೋಗಿ ನೆಲದ ಗೇರ್ ಬರುತ್ತದೆ, ಅದಕ್ಕಾಗಿ ನೆಲ ಕತ್ತರಿಸಬೇಕು. ಮುಂದಿನ ಉದ್ದ ಸೀಟಿನ ನಡುವೆ ಮೂರನೆಯವರು ಕೂರುವಂತಿಲ್ಲ. ಅಪ್ಪ ಅಮ್ಮನ ನಡುವಿನ ಆ ಜಾಗ ನನ್ನದಾಗಿತ್ತು. ತಮ್ಮನಿಗೆ ಇದನ್ನು ಹೇಳಿದಾಗ ಅವನು ಮತ್ತೆ ಒತ್ತಾಯ ಮಾಡಲಿಲ್ಲ.

ಅವನಿಗೆ ನಾನು ಕೊಟ್ಟ ಸಲಹೆಯನ್ನೇ ನಿಮಗೂ ಕೊಡುತ್ತೇನೆ. ಇಸುಜು ಬೇಕೆನಿಸಿದರೆ ಇಸುಜುವಿನೊಂದಿಗೇ ಕಾರ್ಖಾನೆಯಿಂದ ಹೊರಬಂದ ಅಂಬಾಸಿಡರ್ ಕೊಳ್ಳಿ. ಕಾಗದಪತ್ರ ಸರಿಯಿರುತ್ತದೆ, ಗೇರು ಎಂಜಿನ್ನು ಒಂದಕ್ಕೊಂದು ಹೊಂದಿರುತ್ತವೆ, ಒಂದು ಹಳೆಯ ಕಾರು ಕತ್ತರಿ ಏಟಿನಿಂದ ಉಳಿಯುತ್ತದೆ. ನಿಮ್ಮ ಮಾರ್ಕ್ 2ಕ್ಕೆ ಯಾರೋ ಎಂದೋ ಡೀಸೆಲ್ ಎಂಜಿನ್ ಹಾಕಿಸಿ ಮೂಲದ್ದನ್ನು ಮಾರಿಬಿಟ್ಟಿದ್ದರೆ ಮಾತು ಬೇರೆ. ಅಂಥ ಕಾರಿಗೆ ಇಸುಜು ಕೂರಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಆದರೂ ಒಮ್ಮೆ ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಎಂಸಿ ಎಂಜಿನ್ ವಿಚಾರಿಸಿ ನೋಡಿ.

ಎಲ್ಲ ತೂಗಿದ ಮೇಲೂ ಬದಲಿಸಲೇಬೇಕಾಗಿ ಬಂದರೆ ಇಳಿಸಿದ ಎಂಜಿನ್ನನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ನೀರು ಪೂರ್ತಿ ಬಸಿದು, ಪ್ಲಗ್ಗಿನ ರಂಧ್ರಗಳಲ್ಲಿ ಆಯಿಲ್ ಬಿಟ್ಟು ಕ್ರ್ಯಾಂಕ್ ಕೈಯಿಂದ ತಿರುಗಿಸಿ, ಪ್ಲಗ್ ಮತ್ತೆ ಬಿಗಿಯಿರಿ. ಕಾರ್ಬುರೇಟರ್, ಸೈಲೆನ್ಸರ್ ಕೂರುವ ಬಾಯಿಗಳನ್ನು ಬಟ್ಟೆ ತುರುಕದೆ ಹಲಗೆಯಿಂದ ಮುಚ್ಚಿ. ಬಟ್ಟೆ ತೇವ ಹಿಡಿಯುತ್ತದೆ. ಮರದ ದಿಮ್ಮಿಯ ಮೇಲೆ ನಿಲ್ಲಿಸಿ, ಕಾರಿನ ಚಾಸಿ ಸಂಖ್ಯೆಯನ್ನು ತಗಡಿನ ಮೇಲೆ ಬರೆದು ತಂತಿಯಿಂದ ಕಟ್ಟಿಡಿ.