ಸ್ಪ್ಯಾನರ್ ಅವರ ಕೈಯಲ್ಲಿ, ಟಾರ್ಚ್ ನಮ್ಮ ಕೈಯಲ್ಲಿ

ಮಕ್ಕಳು ಬೇರೆ ಊರಿನಲ್ಲಿ ಮನೆ ಮಾಡಿದ ಮೇಲೆ ಅಪ್ಪ ಅಮ್ಮ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಂಡು ಹೊರಡುವುದು ಇದ್ದದ್ದೇ. ನನ್ನ ಚೀಲದಲ್ಲಿ ಅವುಗಳ ಜೊತೆಗೆ ಸ್ಪ್ಯಾನರ್, ಟೆಸ್ಟರ್, ಟೆಫ್ಲಾನ್ ಟೇಪಿನ ಸುರುಳಿಯೂ ಇರುತ್ತವೆ. ನಮ್ಮ ಯಜಮಾನರಿಗೆ ಬಲ್ಬು ಬದಲಾಯಿಸುವುದೂ ಬೇಡದ ಕೆಲಸವಾದ್ದರಿಂದ ರಿಪೇರಿಯ ಖಾತೆ ಮೊದಲಿನಿಂದಲೂ ನನ್ನದೇ. ಈಗ ಮಗ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾನೆ, ಮಗಳು ಅಳಿಯ ಮೈಸೂರಿನಲ್ಲಿ ಸ್ವಂತ ಮನೆ ಕೊಂಡಿದ್ದಾರೆ. ಎಲ್ಲಿಗೆ ಹೋದರೂ ನನ್ನ ಪದ್ಧತಿ ಒಂದೇ: ಸ್ಪ್ಯಾನರ್ ಅವರು ಹಿಡಿಯಬೇಕು, ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ನಾವೇ ಮಾಡಿಕೊಟ್ಟು ಬಂದರೆ ಮುಂದಿನ ಸಲ ನಲ್ಲಿ ಸೋರುವಾಗ ನಾವು ಅಲ್ಲಿರುವುದಿಲ್ಲ.

ಹೋದ ಕೂಡಲೇ ಸೋರುವ ನಲ್ಲಿಗೆ ಕೈ ಹಾಕಬೇಡಿ. ನೀರು, ಕರೆಂಟು, ಗ್ಯಾಸು ಎಲ್ಲೆಲ್ಲಿ ಬಂದ್ ಆಗುತ್ತವೆ ಎಂದು ಮೊದಲು ಅವರಿಂದಲೇ ತೋರಿಸಿಕೊಳ್ಳಿ. ಲಕ್ಷಗಟ್ಟಲೆ ಕೊಟ್ಟು ಮನೆ ಕೊಂಡವರಿಗೂ ಇದು ಗೊತ್ತಿರುವುದಿಲ್ಲ. ಎಂಸಿಬಿಗಳನ್ನು, ಅಂದರೆ ಕರೆಂಟಿನ ಪೆಟ್ಟಿಗೆಯಲ್ಲಿ ಸಾಲಾಗಿರುವ ಸ್ವಿಚ್‌ಗಳನ್ನು, ಒಂದೊಂದಾಗಿ ಕೆಳಗಿಳಿಸಿ, ಯಾವುದಕ್ಕೆ ಯಾವ ಕೋಣೆ ಆರುತ್ತದೆ ಎಂದು ನೋಡಿ, ಚೀಟಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಲಿ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿಸಿ. ಒತ್ತಿದೊಡನೆ ಕರೆಂಟು ಹೋಗಬೇಕು. ಹೋಗದಿದ್ದರೆ ಉಳಿದ ಕೆಲಸ ಬಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಇನ್ವರ್ಟರ್ ಇರುವ ಮನೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮೇನ್ ಸ್ವಿಚ್ ಆರಿಸಿದರೂ ಕೆಲವು ತಂತಿಗಳಲ್ಲಿ ಬ್ಯಾಟರಿಯ ಕರೆಂಟು ಹರಿಯುತ್ತಲೇ ಇರುತ್ತದೆ. ಅದನ್ನೂ ಆರಿಸಿ, ಟೆಸ್ಟರ್ ಹಿಡಿದು ನೋಡದೆ ಸ್ವಿಚ್ ಬೋರ್ಡಿನ ಒಂದು ಸ್ಕ್ರೂ ಕೂಡ ಬಿಚ್ಚಬಾರದು.

ಕಲಿಸುವುದಕ್ಕೆ ನಲ್ಲಿಗಿಂತ ಒಳ್ಳೆಯ ಪಾಠವಿಲ್ಲ. ಕೆಳಗಿನ ಆಂಗಲ್ ಕಾಕ್ (ಆ ನಲ್ಲಿಗೆ ಬರುವ ನೀರನ್ನು ತಡೆಯುವ ಸಣ್ಣ ವಾಲ್ವ್) ಬಂದ್ ಮಾಡಿ, ನಲ್ಲಿಯಲ್ಲಿ ಉಳಿದ ನೀರು ಹರಿದು ಮುಗಿಯಲಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಇಲ್ಲವಾದರೆ ಸಣ್ಣ ಸ್ಕ್ರೂ ಜಾರಿ ನೇರ ಪೈಪಿನೊಳಗೆ ಹೋಗುತ್ತದೆ. ಹಲವು ಸುತ್ತು ತಿರುಗಿಸುವ ಹಳೆಯ ನಲ್ಲಿಯಾದರೆ ಸಾಮಾನ್ಯವಾಗಿ ಕೆಟ್ಟಿರುವುದು ತಳದ ವಾಷರ್, ಬದಲಾಯಿಸಿದರೆ ಆಯಿತು. ಕಾಲು ಸುತ್ತಿಗೇ ತೆರೆಯುವ ಈಗಿನ ನಲ್ಲಿಯಲ್ಲಿ ಒಳಗಿನ ಸ್ಪಿಂಡಲ್ಲನ್ನೇ (ಹಿಡಿಯ ಜೊತೆ ತಿರುಗುವ ಭಾಗ) ಬದಲಾಯಿಸಬೇಕು. ಕಂಪನಿಯಿಂದ ಕಂಪನಿಗೆ ಅದರ ಅಳತೆ ಬೇರೆ. ಆದ್ದರಿಂದ ಅಂದಾಜಿನ ಮೇಲೆ ಕೊಳ್ಳದೆ ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ಯಿರಿ. ಇಡೀ ನಲ್ಲಿಯನ್ನೇ ಗೋಡೆಯಿಂದ ಬಿಚ್ಚಿದ್ದರೆ, ಮರೆಯ (ಥ್ರೆಡ್ಡಿನ) ತುದಿಯನ್ನು ಮುಖಕ್ಕೆ ಎದುರಾಗಿ ಹಿಡಿದು ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಬಿಗಿಯಾಗಿ ಸುತ್ತಬೇಕು. ತಿರುಗುಮುರುಗಾಗಿ ಸುತ್ತಿದರೆ ನಲ್ಲಿ ಕೂರಿಸುವಾಗ ಟೇಪು ಬಿಚ್ಚಿಕೊಂಡು ಉಂಡೆಯಾಗುತ್ತದೆ. ಇಲ್ಲೇ ನಮ್ಮ ಕೈ ಚಡಪಡಿಸುವುದು! ಮಗ ಟೇಪು ಹರಿದುಕೊಂಡು, “ಅಮ್ಮ, ನೀನೇ ಮಾಡಿಬಿಡು” ಎನ್ನುತ್ತಾನೆ. ಮಾಡಬೇಡಿ. ಇನ್ನಷ್ಟು ಟೇಪು ಕೊಡಿ, ಅದೇನು ಚಿನ್ನದ ಎಳೆಯಲ್ಲ.

ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ (ಪೈಪಿನ ನೀರು ನಿಲ್ಲಿಸುವ, ಚಕ್ರದ ಹಿಡಿಯ ವಾಲ್ವ್) ಮೇಲೆ ಮಾತ್ರ ಬಲಪ್ರಯೋಗ ಬೇಡ. ಉಪ್ಪು ಹಿಡಿದು ಅಂಟಿಕೊಂಡಿರುತ್ತದೆ, ಜೋರು ಮಾಡಿದರೆ ದಂಡವೇ ಮುರಿಯುತ್ತದೆ. ಅದು ಪ್ಲಂಬರ್‌ನ ಪಾಲಿನ ಕೆಲಸ.

ನೀರು ಸಣ್ಣಗೆ ಬರುತ್ತದೆ ಎಂಬ ದೂರಿಗೆ ಕಾರಣ ಬಹುಮಟ್ಟಿಗೆ ನಲ್ಲಿಯ ತುದಿಯ ಜಾಲರಿ. ಕೊಳವೆಬಾವಿಯ ಗಡಸು ನೀರಿನ ಸುಣ್ಣ ಅದರಲ್ಲಿ ಕಟ್ಟಿಕೊಂಡಿರುತ್ತದೆ. ಬಿಚ್ಚಿ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ರಾತ್ರಿ ನೆನೆಸಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸಾಕು. ಫ್ಲಶ್ ಟ್ಯಾಂಕ್ ಒಳಗೊಳಗೇ ಸೋರುತ್ತಿದೆಯೇ ಎಂದು ತಿಳಿಯಲು ಕೇಸರಿಬಾತಿಗೆ ಹಾಕುವ ಬಣ್ಣವನ್ನು ಒಂದು ಚಿಟಿಕೆ ಟ್ಯಾಂಕಿಗೆ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ಬಣ್ಣ ಇಳಿದಿದ್ದರೆ ತಳದ ರಬ್ಬರ್ ಸವೆದಿದೆ ಎಂದೇ ಅರ್ಥ.

ಮಳೆಗಾಲದಲ್ಲಿ ಬಾಗಿಲು ಹಿಡಿಯುತ್ತದೆ ಎಂದು ಬಡಗಿಯನ್ನು ಕರೆಯುವ ಆತುರ ಬೇಡ. ಆಷಾಢದಲ್ಲಿ ಉಜ್ಜುಗೊರಡು ಹಾಕಿಸಿದ ಬಾಗಿಲು ಶಿವರಾತ್ರಿಯ ಹೊತ್ತಿಗೆ ಒಣಗಿ ಕುಗ್ಗಿ ಸಂದು ಬಿಡುತ್ತದೆ. ಅಂಚಿಗೆ ಮೇಣದಬತ್ತಿ ತಿಕ್ಕಿ ಕಾಯಿರಿ. ಕೀಲಿನ ಸ್ಕ್ರೂ ಸಡಿಲವಾಗಿದ್ದರೆ ಮದ್ದು ಕೆರೆದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ಒಣಗಿದ ಮೇಲೆ ಸ್ಕ್ರೂ ತಿರುಗಿಸಿ. ಗೋಡೆಯ ತೇವಕ್ಕೆ ಬಣ್ಣ ಬಳಿಯುವುದು ದುಡ್ಡು ದಂಡ. ಹಿಂದೆ ಬಚ್ಚಲಿದೆಯೋ, ಮೇಲೆ ತಾರಸಿ ಬಿರುಕು ಬಿಟ್ಟಿದೆಯೋ ಹುಡುಕಿ.

ಚಿತ್ರಪಟ ನೇತುಹಾಕಲು ಡ್ರಿಲ್ ಹಿಡಿದರೆ, ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬಾರದು. ತಂತಿಯ ಪೈಪು ಅದೇ ಗೆರೆಯಲ್ಲಿ ಓಡಿರುತ್ತದೆ. ಟೈಲ್ಸ್ ಮೇಲಾದರೆ ಟೇಪು ಅಂಟಿಸಿ, ಟೈಲ್ಸ್ ದಾಟುವವರೆಗೆ ಹ್ಯಾಮರ್ ಮೋಡ್ (ಬಡಿಯುತ್ತಾ ಕೊರೆಯುವುದು) ಹಾಕದೆ ನಿಧಾನವಾಗಿ ಕೊರೆಯಲಿ.

ಅಳಿಯನ ಮನೆಯಲ್ಲಿ ಸ್ವಲ್ಪ ನಾಜೂಕು ಬೇಕು. “ಅಯ್ಯೋ, ಬಿಡಿ ಅತ್ತೆ, ಯಾರನ್ನಾದರೂ ಕರೆಸುತ್ತೇನೆ” ಎಂದು ಅವರು ಸಂಕೋಚಪಡುತ್ತಾರೆ. ಆಗ ನಾನು ಮಗಳನ್ನು ಕರೆದು ಅವಳ ಕೈಗೆ ಸ್ಪ್ಯಾನರ್ ಕೊಡುತ್ತೇನೆ. ಐದು ನಿಮಿಷದಲ್ಲಿ ಅಳಿಯಂದಿರು ತಾವಾಗಿಯೇ ಬಂದು ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಯಾರ ಮನೆಯಲ್ಲೇ ಆಗಲಿ, ಕೆಲಸದ ನಡುವೆ “ಇಷ್ಟು ದಿನ ಹೀಗೇ ಬಿಟ್ಟಿದ್ದಿರಾ?” ಎಂಬ ಮಾತು ಬಾಯಿಗೆ ಬರಬಾರದು.

ಬಾಡಿಗೆ ಮನೆಯಾದರೆ ಗೋಡೆ ಒಡೆಯುವ, ಪೈಪು ಬದಲಿಸುವ ಕೆಲಸಕ್ಕೆ ಮೊದಲು ಮಾಲೀಕರಿಗೆ ಫೋಟೊ ಕಳಿಸಿ ಒಪ್ಪಿಗೆ ಪಡೆಯಲಿ. ಯಾರು ದುಡ್ಡು ಕೊಡಬೇಕು ಎಂಬುದೂ ಅಲ್ಲೇ ತೀರ್ಮಾನವಾಗಲಿ. ಗೀಸರ್ ಬಿಚ್ಚುವುದು, ಹೊಸ ತಂತಿ ಎಳೆಯುವುದು ಮನೆಯವರ ಕೆಲಸವಲ್ಲ. 2000 ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದನ್ನು 6 ಆಂಪಿಯರ್ ಸಾಕೆಟ್ಟಿಗೆ ಹೇಗೋ ಸಿಕ್ಕಿಸಿದ್ದು ಕಂಡರೆ ಅಂದೇ ಬಿಡಿಸಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಕರೆ ಮಾಡಬೇಕು. ಆ ಸಂಖ್ಯೆ ಅವರ ಮೊಬೈಲಿನಲ್ಲಿ ಇದೆಯೇ ಎಂದು ನೋಡಿಯೇ ನಾನು ಊರಿಗೆ ಬಸ್ ಹತ್ತುವುದು.