ಅಡಿಕೆ ತೋಟದಲ್ಲಿ ವೀಲ್‌ಚೇರ್ ದಾರಿ: ನನ್ನ ಅನುಭವ

ಈ ಸಲದ ಮಳೆಗಾಲ ಕಳೆದರೂ ದಾರಿ ಗಟ್ಟಿಯಾಗಿ ನಿಂತಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. 'ಶಿರಸಿ ಮಳೆಗೆ ಇದೆಲ್ಲ ನಿಲ್ಲೋದಿಲ್ಲ ಮಾರಾಯ' ಅಂದವರೇ ಎಲ್ಲ.

ಹೋಂಸ್ಟೇ ನಡೆಸುವವರಿಗೆ ಗೊತ್ತಲ್ವಾ, ಮನೆಮಂದಿಯೆಲ್ಲ ಯಾಣಕ್ಕೆ ಹೊರಟರೆ ಮೆಟ್ಟಿಲು ಹತ್ತಲಾಗದ ಅಜ್ಜಿ ಜಗಲಿಯಲ್ಲಿ ಕವಳ (ಎಲೆಅಡಿಕೆ) ಹಾಕುತ್ತಾ ಕೂತಿರುತ್ತಾರೆ. ಅಂಥವರಿಗೆ ತೋಟ ಸುತ್ತಿ ಹಳ್ಳದವರೆಗೆ ಸುಮಾರು 250 ಮೀಟರ್ ದಾರಿ ಮಾಡಬೇಕಿತ್ತು.

ಮೊದಲು ಒಂದಿಷ್ಟು ದೂರ ಸಿಮೆಂಟ್ ಹಾಕಿಸಿದೆ. 80 ಸಾವಿರದ ಹತ್ತಿರ ಹೋಯ್ತು. ಆಷಾಢಕ್ಕೆ ಪಾಚಿ ಕಟ್ಟಿ ನಮ್ಮ ನಾಯಿಯೂ ಜಾರತೊಡಗಿತು. ಆಮೇಲೆ ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರದ ಪಟ್ಟಿ ಹಾಸಿದೆ. ಅಗ್ಗವೇನೋ ನಿಜ, ಆದರೆ ಕೊಳೆತು ಸಂದಿ ಬಿಟ್ಟು ಮುಂದಿನ ಗಾಲಿ ಸಿಕ್ಕಿಕೊಳ್ಳುತ್ತಿತ್ತು.

ಕೊನೆಗೆ ಗೆದ್ದಿದ್ದು ಕ್ರಶರ್ ಪುಡಿ, ಅಂದರೆ ಜಲ್ಲಿ ಒಡೆಯುವಾಗ ಸಿಗುವ ಕಲ್ಲಿನ ಪುಡಿ. ಕೆಳಗೆ ಜಲ್ಲಿ, ಮೇಲೆ ಪುಡಿ, ನೀರು ಹೊಡೆದು ಕೈರೋಲರ್. ಅಗಲ 4 ಅಡಿ. ಗುಡ್ಡದ ಬದಿಗೆ ಕಾಲುವೆ. ನೀರು ಪಕ್ಕಕ್ಕೆ ಹರಿಯಲು ಕೊಡುವ ಅಡ್ಡವಾಲು 50ಕ್ಕೆ 1 (50 ಅಡಿಗೆ 1 ಅಡಿ ಇಳಿಜಾರು), ಅದಕ್ಕಿಂತ ಜಾಸ್ತಿಯಾದರೆ ಕುರ್ಚಿ ಪಕ್ಕಕ್ಕೆ ಎಳೆಯುತ್ತದೆ. ಏರು 12ಕ್ಕೆ 1 ಅನ್ನೋದು ಸಣ್ಣ ರ‍್ಯಾಂಪಿಗೆ ಸರಿ, ಇಷ್ಟುದ್ದಕ್ಕೆ ತಳ್ಳುವವರ ಸೊಂಟ ಬೀಳುತ್ತದೆ. ನಾನು 20ಕ್ಕೆ 1 ಇಟ್ಟೆ. ದಾರಿ ಸುತ್ತಿ ಬಳಸಿ ಹೋಗಬೇಕಾಯ್ತು, ಏಳೆಂಟು ಅಡಿಕೆ ಮರ ಕಡಿದೆವು, ಮನೆಯಲ್ಲಿ ವಾರಗಟ್ಟಲೆ ಮಾತಿಲ್ಲ. ನೀರು ದಾರಿ ದಾಟುವಲ್ಲಿ ಏನು ಹೂತಿದ್ದೇನೆ ಅನ್ನೋದನ್ನು ಇಲ್ಲಿ ಹೇಳಲ್ಲ, ಬಂದು ನೋಡಿ. ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಆಗಿರಬಹುದು, ಸಿಮೆಂಟಿನ ದಂಡ ಬಿಟ್ಟು.

ತೋಟದ ಬಾಯಿಗೆ ಅಡ್ಡ ಸಿಕ್ಕಿಸುವ ಗಳ, ಉಣುಗೋಲು, ತೆಗೆದರೆ ದನ ನುಗ್ಗುತ್ತವೆ, ಇಟ್ಟರೆ ಕುರ್ಚಿ ಹೋಗಲ್ಲ. ಎರಡೂ ಕಡೆ ತೆರೆಯುವ ಗೇಟು ಮಾಡಿಸಿದೆ, ಕುರ್ಚಿಯ ಕಾಲುಹಲಗೆ ತಾಗಿದರೆ ಸಾಕು, ತಾನೇ ಸರಿಯುತ್ತದೆ. ಇದಂತೂ ನನ್ನದೇ ತಲೆ.

ಕಣ್ಣು ಕಾಣದವರಿಗೆಂದು ಪಕ್ಕದಲ್ಲಿ ತೆಂಗಿನ ಹಗ್ಗ ಕಟ್ಟಿ, ಏಲಕ್ಕಿ, ದಾಲ್ಚಿನ್ನಿ, ಅಪ್ಪೆಮಿಡಿ ಬಂದಲ್ಲಿ ಗಂಟು ಹಾಕಿದ್ದೆ. ಎಲೆ ಹಿಸುಕಿ ಮೂಸಿ ನೋಡಲಿ ಅಂತ. ಹಗ್ಗ ಮಳೆಗೆ ಲೋಳೆಯಾಯ್ತು, ಈಗ ನೈಲಾನ್. ಗಂಟು ಮಾತ್ರ ಹಾಗೇ ಉಳಿಸಿದೆ.

ಒಂದು ಮಾತು ಮರೆಯಬೇಡಿ, ಉಂಬಳ (ರಕ್ತ ಹೀರುವ ಜಿಗಣೆ). ಕಾಲಿಗೆ ಸ್ಪರ್ಶವಿಲ್ಲದ ಅತಿಥಿಗೆ ಅದು ಕಚ್ಚಿದ್ದೇ ತಿಳಿಯಲ್ಲ. ವಾಪಸು ಬಂದ ಕೂಡಲೇ ಅವರನ್ನು ಕೇಳಿ ಸಾಕ್ಸ್ ಬಿಚ್ಚಿಸಿ ಬೆರಳ ಸಂದಿಯವರೆಗೂ ನೋಡಬೇಕು.

ದೀಪಾವಳಿ ಆದ ಮೇಲೆ ಒಂದು ಲೋಡ್ ಪುಡಿ ಹಾಕಿಸಿದರೆ ವರ್ಷದ ರಿಪೇರಿ ಮುಗೀತು, ಐದಾರು ಸಾವಿರ. ಹಳ್ಳಕ್ಕೆ ಅಗಲದ ಸಂಕ (ಕಾಲುಸೇತುವೆ) ಹಾಕುವ ಆಸೆಯೂ ಇದೆ, ಕಬ್ಬಿಣದ ರೇಟು ಕೇಳಿ ಸದ್ಯಕ್ಕೆ ಸುಮ್ನಾಗಿದ್ದೇನೆ.